ತೊಳೆದ ರೆಕಾರ್ಡು ಮತ್ತೆ ಸದ್ದು ಮಾಡುತ್ತಿದೆಯಾ? ಸೂಜಿಗೆ ಬೈಯುವ ಮೊದಲು ಒಳಗಿನ ಕವರ್ ನೋಡಿ

ಹೋದ ಆಗಸ್ಟಿನಲ್ಲಿ ಮಂಗಳೂರಿನ ಕದ್ರಿಯಿಂದ ಚಿಕ್ಕಪ್ಪನ ಮಗ ಫೋನ್ ಮಾಡಿದ. "ಅಣ್ಣ, ಸೂಜಿ ಹೊಸತು ಹಾಕಿದೆ. ಮೂರು ಸಾವಿರ ಹೋಯ್ತು. ಶಬ್ದ ಹಾಗೇ ಉಂಟು."

"ಎಂತ ಶಬ್ದ?"

"ಒಗ್ಗರಣೆ ಹಾಕಿದ ಹಾಗೆ."

"ತೊಳೆದು ನೋಡಿದ್ಯಾ?"

"ಜೂನ್ ಕೊನೆಗೆ ತೊಳೆದೆ. ಆಗ ಭಾರೀ ಚೆಂದ ಕೇಳ್ತಿತ್ತು. ಮೂರು ವಾರದಲ್ಲಿ ಪುನಃ ಸುರುವಾಯ್ತು."

"ತೊಳೆದ ಮೇಲೆ ಯಾವ ಕವರಿಗೆ ಹಾಕಿದ್ದು?"

"ಅದರದ್ದೇ ಕವರಿಗೆ. ಇನ್ನೆಂತ?"

ಅಷ್ಟು ಕೇಳಿದ ಕೂಡಲೇ ನನಗೆ ಅರ್ಧ ಅರ್ಥವಾಯಿತು. ಮಿಂದು ಬಂದು ಬೆವರಿನ ಅಂಗಿಯನ್ನೇ ಮತ್ತೆ ಹಾಕಿಕೊಂಡ ಹಾಗೆ ಅದು. ಉಳಿದ ಅರ್ಧ ತಿಳಿಯಲು ಆ ಭಾನುವಾರ ಉಡುಪಿಯಿಂದ ಬಸ್ ಹತ್ತಿ ಹೋದೆ.

ಈ ರೆಕಾರ್ಡುಗಳು ನಮ್ಮ ದೊಡ್ಡಪ್ಪನವು. ಅವರು ಮುಂಬಯಿಯಲ್ಲಿ ಬ್ಯಾಂಕ್ ಕೆಲಸದಲ್ಲಿದ್ದವರು. ನಿವೃತ್ತರಾಗಿ ಊರಿಗೆ ಬರುವಾಗ ಒಂದು ಟ್ರಂಕ್ ತುಂಬ ತಂದಿದ್ದರು. ಅವರು ಹೋದ ಮೇಲೆ ಅರ್ಧ ಕದ್ರಿಗೆ ಹೋಯಿತು, ಅರ್ಧ ಕುಂಜಿಬೆಟ್ಟಿನ ನನ್ನ ಮನೆಗೆ ಬಂತು. ಕೆಲವಕ್ಕೆ ಕಾಗದದ ಕವರ್, ಕೆಲವಕ್ಕೆ ಪಾರದರ್ಶಕ ಪ್ಲಾಸ್ಟಿಕ್, ಇನ್ನು ಕೆಲವು ಕವರೇ ಇಲ್ಲದೆ ರಟ್ಟಿನ ಜಾಕೆಟ್ಟಿನೊಳಗೆ ಬೋಳಾಗಿ ಕೂತಿದ್ದವು. ಹಾಗಾಗಿ ಎಲ್ಲ ತರದ ಹಾಳಾಗುವಿಕೆಯನ್ನೂ ನಾನು ಒಂದೇ ಟ್ರಂಕಿನಲ್ಲಿ ನೋಡಿದ್ದೇನೆ.

ಒಂದು ಮಾತು ಮೊದಲೇ ಹೇಳುತ್ತೇನೆ. ಹೊರದೇಶದವರ ಸಲಹೆ ಓದಿದರೆ ಸ್ಟ್ಯಾಟಿಕ್, ಸ್ಟ್ಯಾಟಿಕ್, ಸ್ಟ್ಯಾಟಿಕ್, ಅಂದರೆ ಉಜ್ಜಿದಾಗ ಹುಟ್ಟಿ ಧೂಳು ಎಳೆಯುವ ವಿದ್ಯುತ್. ಅವರದ್ದು ಚಳಿ ಊರು, ಹೀಟರ್ ಹಾಕಿದ ಒಣ ಕೋಣೆ. ನಮ್ಮದು ವರ್ಷಕ್ಕೆ ಮೂರೂವರೆ ಸಾವಿರ ಮಿಲಿಮೀಟರ್‌ಗಿಂತ ಜಾಸ್ತಿ ಮಳೆ ಬೀಳುವ ಕರಾವಳಿ, ಅದರಲ್ಲಿ ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್ ಒಳಗೇ ಸುರಿಯುತ್ತದೆ. ಬೆಲ್ಟು, ಚಪ್ಪಲಿ, ಕ್ಯಾಮೆರಾ ಲೆನ್ಸು ಯಾವುದನ್ನೂ ಬಿಡದ ಬೂಷ್ಟು ರೆಕಾರ್ಡನ್ನು ಬಿಡುತ್ತದಾ? ಇಲ್ಲಿ ತನಿಖೆ ಸುರುವಾಗಬೇಕಾದದ್ದು ತೇವದಿಂದ. ತೇವ ಕೂತಿರುವುದು ಒಳಗಿನ ಕವರಿನಲ್ಲಿ.

ಮೊದಲು ಕಿವಿ ಕೊಡಿ

ಎಲ್ಲ ಶಬ್ದಕ್ಕೂ ಕವರ್ ಕಾರಣ ಅಲ್ಲ. ಕವರಿಗೆ ಸಂಬಂಧವಿಲ್ಲದ್ದನ್ನು ಮೊದಲು ಬದಿಗಿಡೋಣ.

ಹಾಡಿಲ್ಲದಾಗಲೂ 'ಗುಂಯ್' ಅಂತ ಒಂದೇ ಸಮ ಕೇಳಿದರೆ ಅದು ಅರ್ತಿಂಗ್ ಸಮಸ್ಯೆ. ಟರ್ನ್‌ಟೇಬಲ್‌ನ ಅರ್ತ್ ವಯರ್ ಆಂಪ್ಲಿಫೈಯರಿಗೆ ಸರಿಯಾಗಿ ಸಿಕ್ಕಿಸಿದೆಯಾ ನೋಡಿ. ಎಲ್ಲ ರೆಕಾರ್ಡುಗಳಲ್ಲೂ ಕೊನೆಯ ಹಾಡು ಮಾತ್ರ ಒಡೆದ ದನಿಯಲ್ಲಿ ಬಂದರೆ ಸೂಜಿ ಸವೆದಿದೆ, ಅಥವಾ ಅದು ಕೂತಿರುವ ಕೋನ ಸರಿಯಿಲ್ಲ. ಈ ಎರಡಕ್ಕೂ ನೀವು ಎಂಥ ಕವರ್ ಹಾಕಿದರೂ ಪ್ರಯೋಜನವಿಲ್ಲ.

'ಟಕ್' ಅಂತ ಒಂದು ಪೆಟ್ಟು ಮತ್ತೆ ಮತ್ತೆ ಬರುತ್ತಿದೆಯಾ? ಮೊಬೈಲಿನಲ್ಲಿ ಸ್ಟಾಪ್‌ವಾಚ್ ಹಾಕಿ. ಒಂದು ಟಕ್ ಬಂದಾಗ ಸುರು ಮಾಡಿ, ಮುಂದಿನ ಹತ್ತು ಎಣಿಸಿ. ಎಲ್‌ಪಿ, ಅಂದರೆ ದೊಡ್ಡ ರೆಕಾರ್ಡು, ನಿಮಿಷಕ್ಕೆ 33⅓ ಸುತ್ತು ತಿರುಗುತ್ತದೆ, ಅಂದರೆ ಒಂದು ಸುತ್ತಿಗೆ 1.8 ಸೆಕೆಂಡ್. ಹತ್ತಕ್ಕೆ ಸರಿಯಾಗಿ 18 ಸೆಕೆಂಡ್ ಆದರೆ ಅದು ಗೀರು. ಸೂಜಿ ಪ್ರತಿ ಸುತ್ತಿಗೂ ಅದೇ ಗೀರನ್ನು ದಾಟುತ್ತಿದೆ. ನಿಮಿಷಕ್ಕೆ 45 ಸುತ್ತು ತಿರುಗುವ ಸಣ್ಣ ರೆಕಾರ್ಡು, ಅಂದರೆ ಇಪಿ ಆದರೆ ಹತ್ತು ಪೆಟ್ಟಿಗೆ 13 ಸೆಕೆಂಡ್ ಚಿಲ್ಲರೆ. ಗೀರು ಯಾವ ನೀರಿಗೂ ಹೋಗುವುದಿಲ್ಲ. ಆದರೆ ಅದು ಬಿದ್ದದ್ದು ಹೇಗೆ ಅಂತ ಕೇಳಿದರೆ ಬಹಳ ಸಲ ಕವರಿನ ಹತ್ತಿರವೇ ಬಂದು ನಿಲ್ಲುತ್ತೇವೆ. ದೊರಗು ಕಾಗದದ ಕವರಿನೊಳಗೆ ಒಂದು ಮರಳಿನ ಕಣ ಸೇರಿದ್ದರೂ ಸಾಕು, ರೆಕಾರ್ಡನ್ನು ಎಳೆಯುವಾಗೊಮ್ಮೆ ತುರುಕುವಾಗೊಮ್ಮೆ ಅದು ಉಜ್ಜುತ್ತದೆ. ಮಲ್ಪೆ ಕಡೆ ಮನೆ ಇರುವವರಿಗೆ ಮರಳಿನ ವಿಷಯ ನಾನು ಹೇಳಬೇಕಾಗಿಲ್ಲ.

ಲೆಕ್ಕಕ್ಕೆ ಸಿಗದ ಹಾಗೆ ಅಲ್ಲೊಂದು ಇಲ್ಲೊಂದು ಸಾಸಿವೆ ಸಿಡಿದಂತೆ ಚಟಪಟ ಬಂದರೆ, ಮತ್ತೊಮ್ಮೆ ಹಾಕಿದಾಗ ಬೇರೆ ಜಾಗದಲ್ಲಿ ಸಿಡಿದರೆ, ಅದು ಧೂಳು. ಹಾಡು ಮುಗಿದ ಮೇಲೆ ಸೂಜಿಯ ತುದಿ ನೋಡಿ. ಬೂದು ಬಣ್ಣದ ಹತ್ತಿಯಂಥ ಉಂಡೆ ಸಿಕ್ಕಿಕೊಂಡಿದ್ದರೆ ಅದು ಬಹುಪಾಲು ಕಾಗದದ ಕವರಿನ ನಾರು. ರೆಕಾರ್ಡಿನ ಗೀಟು ಹೆಚ್ಚು ಕಡಿಮೆ ಒಂದು ಕೂದಲಿನಷ್ಟು ಅಗಲ. ಅದರೊಳಗೆ ಕಾಗದದ ನಾರು ಅಂದರೆ ಓಣಿಯಲ್ಲಿ ತೆಂಗಿನ ಮಡಲು ಬಿದ್ದ ಹಾಗೆ.

ಇನ್ನೊಂದು ಶಬ್ದ ಉಂಟು. ಇದೇ ನಮ್ಮೂರಿನ ವಿಶೇಷ. ಒಂದೊಂದು ಸುತ್ತಿಗೂ ಒಮ್ಮೆ 'ಸರ್‍ರ್' ಅಂತ ಬಂದು ಹೋಗುತ್ತದೆ, ತೆಂಗಿನ ಗರಿಗೆ ಗಾಳಿ ಬಂದು ಬಿಟ್ಟ ಹಾಗೆ. ಟಕ್ ಅಲ್ಲ, ಚಟಪಟವೂ ಅಲ್ಲ. ಏರಿ ಇಳಿಯುವ ಸದ್ದು. ರೆಕಾರ್ಡಿನ ಒಂದು ಭಾಗದಲ್ಲಿ ಮಾತ್ರ ಏನೋ ಮೆತ್ತಿಕೊಂಡಿದೆ, ಸೂಜಿ ಆ ಭಾಗಕ್ಕೆ ಬಂದಾಗೆಲ್ಲ ಸದ್ದು ಎಂದು ಅರ್ಥ. ತಮ್ಮನ ರೆಕಾರ್ಡು ಹಾಕಿ ಎರಡು ನಿಮಿಷ ಕೇಳಿದೆ. ಅವನು ಒಗ್ಗರಣೆ ಅಂದದ್ದು ಇದನ್ನೇ.

ಆಮೇಲೆ ಟಾರ್ಚ್

ಕೋಣೆಯ ಲೈಟ್ ಆರಿಸಿ. ರೆಕಾರ್ಡನ್ನು ಅಂಚಿನಲ್ಲಿ ಹಿಡಿದು ಮೊಬೈಲ್ ಟಾರ್ಚನ್ನು ಬದಿಯಿಂದ, ಬೆಳಕು ಮೇಲ್ಮೈಯನ್ನು ಸವರಿಕೊಂಡು ಹೋಗುವ ಹಾಗೆ ಹಿಡಿಯಿರಿ. ಮೇಲಿಂದ ನೇರ ಬಿಟ್ಟರೆ ಬರೀ ಹೊಳಪು ಕಾಣುತ್ತದೆ, ಬೇರೇನೂ ಗೊತ್ತಾಗುವುದಿಲ್ಲ.

ಬಿಳಿ ಕಂಡಿತು ಅಂತಿಟ್ಟುಕೊಳ್ಳಿ. ಇಲ್ಲಿ ಎರಡು ಬಿಳಿ ಉಂಟು. ನನಗೆ ಅವೆರಡೂ ಬೇರೆ ಬೇರೆ ಅಂತ ಗೊತ್ತಾಗಲು ಎರಡು ಮಳೆಗಾಲ ಬೇಕಾಯಿತು.

ಒಂದು ಬೂಷ್ಟು. ಇದು ಚುಕ್ಕಿ ಚುಕ್ಕಿಯಾಗಿ ಇರುತ್ತದೆ, ಹತ್ತಿರದಿಂದ ನೋಡಿದರೆ ಚುಕ್ಕಿಯಿಂದ ಸುತ್ತ ಸಣ್ಣ ಸಣ್ಣ ಎಳೆಗಳು ಹೊರಟಿರುತ್ತವೆ, ಎಳೆ ರಂಗೋಲಿಯ ಹಾಗೆ. ಗೀಟುಗಳ ದಾರಿಗೆ ಅದಕ್ಕೆ ಸಂಬಂಧವೇ ಇಲ್ಲ, ಅಡ್ಡಾದಿಡ್ಡಿ ಬೆಳೆದಿರುತ್ತದೆ. ಬೆರಳು ಮುಟ್ಟಿದ ಜಾಗದಲ್ಲಿ ಜಾಸ್ತಿ. ಪ್ಲಾಸ್ಟಿಕ್ ಅದಕ್ಕೆ ದೊಡ್ಡ ಊಟವಲ್ಲ, ನಮ್ಮ ಬೆರಳಿನ ಜಿಡ್ಡು, ಕಾಗದ, ಜಾಕೆಟ್ಟಿನ ಗೋಂದು ಇವೇ ಅದರ ಊಟ. ಸ್ವಲ್ಪ ಒದ್ದೆ ಮಾಡಿದ ಮೆತ್ತನೆ ಬಟ್ಟೆಯಲ್ಲಿ ಹಾಡಿಲ್ಲದ ಕೊನೆಯ ಪಟ್ಟಿಯ ಮೇಲೆ ಮೆಲ್ಲ ಒರೆಸಿದರೆ ಹೋಗುತ್ತದೆ. ಮೂಸಿ ನೋಡಿದರೆ ಮಳೆಗಾಲದ ಹಳೇ ಪೆಟ್ಟಿಗೆ ತೆಗೆದ ವಾಸನೆ.

ಇನ್ನೊಂದು ಮಂಜು. ಹಾಲು ತೆಳ್ಳಗೆ ಸವರಿದ ಹಾಗೆ ಮಸುಕು. ಎಳೆಯಿಲ್ಲ, ಚುಕ್ಕಿಯಿಲ್ಲ. ಒರೆಸಿದರೆ ಹೋಗುವುದಿಲ್ಲ, ಹೋದಂತೆ ಕಂಡರೂ ಒಣಗಿದ ಮೇಲೆ ಮತ್ತೆ ಅಲ್ಲೇ ಇರುತ್ತದೆ. ಇದರ ಗುಟ್ಟು ಆಕಾರದಲ್ಲಿದೆ. ನನ್ನ ಹತ್ತಿರದ ಒಂದು ಭೀಮಸೇನ ಜೋಶಿಯವರ ಎಲ್‌ಪಿಯ ಮೊದಲ ಬದಿಯಲ್ಲಿ ಮಂಜು ಒಂದು ನದಿಯ ನಕ್ಷೆಯ ಹಾಗೆ ಕವಲೊಡೆದು ಕೂತಿತ್ತು. ಏನಿದು ಅಂತ ವಾರಗಟ್ಟಲೆ ತಲೆ ಕೆಡಿಸಿಕೊಂಡೆ. ಒಂದು ದಿನ ಅದರ ಪ್ಲಾಸ್ಟಿಕ್ ಕವರನ್ನು ಕಿಟಕಿಗೆ ಹಿಡಿದರೆ ಅದೇ ನದಿ ಕವರಿನಲ್ಲೂ ಉಂಟು! ಕವರ್ ಸುಕ್ಕುಗಟ್ಟಿದ ಗೆರೆಗಳು ಅವು. ಸುಕ್ಕು ತಾಗಿದಲ್ಲಿ ಒಂದು ತರ, ತಾಗದಲ್ಲಿ ಒಂದು ತರ. ಕವರೇ ರೆಕಾರ್ಡಿನ ಮೇಲೆ ತನ್ನ ಅಚ್ಚು ಒತ್ತಿತ್ತು.

ಬೂಷ್ಟಾದರೆ ಸಂತೋಷಪಡಿ, ತೊಳೆದರೆ ಬಹುಪಾಲು ಹೋಗುತ್ತದೆ. ಮಂಜಾದರೆ ಮುಂದೆ ಓದಿ.

ಕವರ್ ಯಾವುದರದ್ದು ಅಂತ ಪತ್ತೆ ಮಾಡುವುದು

ಮಂಜು ತರುವ ಕವರ್ ಪಿವಿಸಿಯದ್ದು. ಪಿವಿಸಿ ಹುಟ್ಟಿನಿಂದ ಗಟ್ಟಿ, ಅದನ್ನು ಮೆತ್ತಗೆ ಮಾಡಲು ಒಂದು ಎಣ್ಣೆಯಂಥ ವಸ್ತು ಸೇರಿಸುತ್ತಾರೆ. ವರ್ಷಗಳು ಹೋದಂತೆ ಆ ಎಣ್ಣೆ ನಿಧಾನಕ್ಕೆ ಹೊರಗೆ ಬರುತ್ತದೆ, ಸೆಕೆ ಜಾಸ್ತಿ ಇದ್ದರೆ ಬೇಗ ಬರುತ್ತದೆ. ರೆಕಾರ್ಡೂ ಪಿವಿಸಿ ಜಾತಿಯದ್ದೇ. ಹೊರಬಂದದ್ದನ್ನು ಅದು ಕುಡಿದುಕೊಳ್ಳುತ್ತದೆ, ಅದಕ್ಕೇ ಎಷ್ಟು ತೊಳೆದರೂ ಪೂರ್ತಿ ಬಿಡುವುದಿಲ್ಲ.

ಆದರೆ ಕೈಯಲ್ಲಿರುವ ಪ್ಲಾಸ್ಟಿಕ್ ಪಿವಿಸಿಯಾ, ಪಾಲಿಥೀನಾ ಅಂತ ಗೊತ್ತಾಗುವುದು ಹೇಗೆ? ಮೂಗು ಮೊದಲ ಸಾಕ್ಷಿ. ಪಿವಿಸಿಗೆ ಹೊಸ ರೇನ್‌ಕೋಟಿನ ವಾಸನೆ. ಕೈಗೆ ದಪ್ಪ, ಮೆತ್ತಗೆ, ಸ್ವಲ್ಪ ಅಂಟು ಅಂಟು. ಗಾಜಿನಷ್ಟು ಪಾರದರ್ಶಕವಾಗಿ ಚೆಂದ ಕಾಣುತ್ತದೆ, ಅದಕ್ಕೇ ಜನ ಮರುಳಾಗುವುದು. ಎಚ್‌ಡಿಪಿಇ, ಅಂದರೆ ಪಾಲಿಥೀನಿನದ್ದೇ ಒಂದು ಬಗೆ, ಹಾಗಲ್ಲ. ತೆಳ್ಳಗೆ, ಗಂಜಿ ತಿಳಿಯಂತೆ ಮಬ್ಬು, ಮುದುಡಿದರೆ ಸರಬರ ಸದ್ದು ಮಾಡುತ್ತದೆ.

ಸಂಶಯ ಉಳಿದರೆ ನೀರಿನ ಪರೀಕ್ಷೆ. ಇದು ನನಗೆ ಎಲ್ಲಕ್ಕಿಂತ ಇಷ್ಟ, ಖರ್ಚಿಲ್ಲ. ಕವರಿನ ಮೂಲೆಯಿಂದ ಉಗುರಿನಷ್ಟು ಚೂರು ಕತ್ತರಿಸಿ. ಒಂದು ಲೋಟ ನೀರಿಗೆ ಪಾತ್ರೆ ತೊಳೆಯುವ ಲಿಕ್ವಿಡ್ ಒಂದು ಹನಿ ಬಿಡಿ. ಚೂರನ್ನು ಬೆರಳಲ್ಲಿ ಪೂರ್ತಿ ಮುಳುಗಿಸಿ, ಅಂಟಿದ ಗುಳ್ಳೆಗಳನ್ನು ಉಜ್ಜಿ ತೆಗೆದು, ಬಿಡಿ. ಪಾಲಿಥೀನ್, ಪಾಲಿಪ್ರೊಪಿಲೀನ್ ಎರಡೂ ನೀರಿಗಿಂತ ಹಗುರ, ಮೇಲೆ ಬರುತ್ತವೆ. ಪಿವಿಸಿ ಭಾರ, ತಳಕ್ಕೆ ಹೋಗುತ್ತದೆ. ಗುಳ್ಳೆ ತೆಗೆಯದಿದ್ದರೆ ಪಿವಿಸಿಯೂ ತೇಲಿ ಮೋಸ ಮಾಡಬಹುದು, ಹುಷಾರು. ಕೆಲವರು ಚೂರನ್ನು ಸುಟ್ಟು ನೋಡುತ್ತಾರೆ. ಮನೆಯೊಳಗೆ ಪಿವಿಸಿ ಸುಡಬೇಡಿ, ಹೊಗೆ ಕೆಟ್ಟದು.

ತಮ್ಮನ ಮನೆಯಲ್ಲಿ ಹತ್ತು ಕವರಿನ ಚೂರು ಹಾಕಿದೆವು. ನಾಲ್ಕು ಮುಳುಗಿದವು. ಅವನ ಹೆಂಡತಿ ಅಡುಗೆಮನೆಯಿಂದ ನೋಡಿ, "ಅಣ್ಣ ಅಷ್ಟು ದೂರದಿಂದ ಬಂದು ಲೋಟದಲ್ಲಿ ಆಟ ಆಡ್ತಿದ್ದಾರೆ" ಅಂತ ನಕ್ಕಳು. ಅವನ 'ಸರ್‍ರ್' ರೆಕಾರ್ಡಿನ ಕವರ್ ಮಾತ್ರ ಪ್ಲಾಸ್ಟಿಕ್ ಅಲ್ಲ, ಕಾಗದದ್ದು.

ಕಾಗದಕ್ಕೆ ನನ್ನದೊಂದು ಹಪ್ಪಳದ ಪರೀಕ್ಷೆ ಉಂಟು. ಖಾಲಿ ಕವರನ್ನು ಒಂದು ಮೂಲೆಯಲ್ಲಿ ಹಿಡಿದು ಎತ್ತಿ ಅಲ್ಲಾಡಿಸಿ. ಒಣ ಕಾಗದ ಪಟಪಟ ಅನ್ನುತ್ತದೆ. ತೇವ ಕುಡಿದ ಕಾಗದ ಜುಲೈಯಲ್ಲಿ ಡಬ್ಬಿ ಮುಚ್ಚದೆ ಬಿಟ್ಟ ಕರಿದ ಹಲಸಿನ ಹಪ್ಪಳದ ಹಾಗೆ ಸುಮ್ನೆ ಜೋತು ಬೀಳುತ್ತದೆ, ಶಬ್ದವೇ ಇಲ್ಲ. ತಮ್ಮನದ್ದು ಜೋತು ಬಿತ್ತು. ಕವರಿನ ಒಂದು ಬದಿಯನ್ನು ಸೀಳಿ ಒಳಮೈಗೆ ಟಾರ್ಚ್ ಹಿಡಿದರೆ ಕಂದು ಚುಕ್ಕಿಗಳ ಮಧ್ಯೆ ಬೂದು ಬೂಷ್ಟು ಹಾಸಿಗೆ ಹಾಸಿಕೊಂಡಿತ್ತು. ಬೂಷ್ಟು ಇದ್ದ ಜಾಗಕ್ಕೂ ರೆಕಾರ್ಡಿನ ಮೇಲಿನ ಬಿಳಿಗೂ ತಾಳೆ ಹಾಕಿ ನೋಡಿದೆವು, ಸರಿಯಾಗಿ ಕೂತಿತು. ಪಾಪ, ಸೂಜಿಗೆ ಸುಮ್ನೆ ಮೂರು ಸಾವಿರ.

ನಂಬಿಕೆ ಬರದಿದ್ದರೆ ಎರಡು ರೆಕಾರ್ಡಿನ ಪಂದ್ಯ ಮಾಡಿ. ಒಂದೇ ತರ ಸದ್ದು ಮಾಡುವ, ಹೋದರೂ ಬೇಸರವಿಲ್ಲದ ಎರಡು ಪ್ಲೇಟು ಆರಿಸಿ ಎರಡನ್ನೂ ಒಂದೇ ದಿನ ತೊಳೆದು ಒಣಗಿಸಿ. ಒಂದನ್ನು ಹಳೇ ಕವರಿಗೆ, ಇನ್ನೊಂದನ್ನು ಹೊಸದಕ್ಕೆ ಹಾಕಿ ಒಂದೇ ಕಪಾಟಿನಲ್ಲಿ ಮೂರು ವಾರ ಬಿಡಿ. ಆಮೇಲೆ ಕೇಳಿ. ಹಳೇದು ಮಾತ್ರ ಕೆಟ್ಟಿದ್ದರೆ ಕವರ್. ಎರಡೂ ಕೆಟ್ಟಿದ್ದರೆ ಕಪಾಟು. ಎರಡೂ ಚೆನ್ನಾಗಿದ್ದರೆ ನಿಮ್ಮ ಮನೆಯ ವಿಳಾಸ ಕೊಡಿ, ನನ್ನ ರೆಕಾರ್ಡುಗಳನ್ನೂ ಅಲ್ಲೇ ಇಡುತ್ತೇನೆ.

ತೊಳೆಯುವುದು ಸುಲಭ, ಒಣಗಿಸುವುದೇ ಕಷ್ಟ

ಬೂಷ್ಟು ಇರುವ ರೆಕಾರ್ಡನ್ನು ಹೊರಗೆ, ಜಗಲಿಯಲ್ಲೋ ಬಾಲ್ಕನಿಯಲ್ಲೋ ಕವರಿನಿಂದ ತೆಗೆಯಿರಿ. ಮೂಗಿಗೆ ಮಾಸ್ಕ್ ಕಟ್ಟಿ. ಉಳಿದ ರೆಕಾರ್ಡಿನ ಪಕ್ಕದಲ್ಲಿ ಕೊಡವಿದರೆ ಹಂಚಿ ಬಿತ್ತಿದ ಹಾಗೆ ಆಗುತ್ತದೆ. ಹಳೇ ಒಳಕವರ್ ನೇರ ಕಸಕ್ಕೆ. ಅದರ ಮೇಲೆ ಹಾಡಿನ ಸಾಹಿತ್ಯವೋ ಚಿತ್ರವೋ ಅಚ್ಚಾಗಿದ್ದರೆ ಬಿಸಾಡಲು ಮನಸ್ಸು ಬರುವುದಿಲ್ಲ, ಅಲ್ವಾ? ಒಣಗಿಸಿ, ಬ್ರಷ್ ಮಾಡಿ ಬೇರೆ ಫೈಲಿನಲ್ಲಿ ಇಟ್ಟುಕೊಳ್ಳಿ. ರೆಕಾರ್ಡನ್ನು ಮಾತ್ರ ಮತ್ತೆ ಅದರೊಳಗೆ ಹಾಕಬೇಡಿ.

ನೀರು ಡಿಸ್ಟಿಲ್ಡ್ ಆಗಿರಬೇಕು, ಬಾವಿ ನೀರೂ ನಲ್ಲಿ ನೀರೂ ಒಣಗಿದ ಮೇಲೆ ಉಪ್ಪಿನ ಕಲೆ ಬಿಡುತ್ತವೆ. ವಾಸನೆ ಬಣ್ಣ ಇಲ್ಲದ ಲಿಕ್ವಿಡ್ ಸೋಪು ಅರ್ಧ ಲೀಟರಿಗೆ ಎರಡು ಮೂರು ಹನಿ ಸಾಕು. ಮೆತ್ತನೆ ಬ್ರಷ್ಷಿನಲ್ಲಿ ಗೀಟಿನ ದಾರಿಯಲ್ಲೇ ಸುತ್ತು ಬನ್ನಿ, ಅಡ್ಡ ಉಜ್ಜಬೇಡಿ. ಮಧ್ಯದ ಲೇಬಲ್ ಒದ್ದೆ ಮಾಡಬೇಡಿ. ಕೊನೆಗೆ ಬರೀ ಡಿಸ್ಟಿಲ್ಡ್ ನೀರಲ್ಲಿ ಇನ್ನೊಮ್ಮೆ ತೊಳೆಯಿರಿ, ಸೋಪು ಉಳಿದರೆ ಅದೂ ಒಂದು ಸದ್ದು.

ನಿಮಿಷಕ್ಕೆ 78 ಸುತ್ತು ತಿರುಗುವ ಹಳೇ ಪ್ಲೇಟಿಗೆ ಎಚ್ಚರ. ಅದು ವಿನೈಲ್ ಅಲ್ಲ, ಅರಗಿನದ್ದು. ಎಲ್‌ಪಿ 1948ರಲ್ಲೇ ಬಂದರೂ ನಮ್ಮ ದೇಶದಲ್ಲಿ 1960ರ ದಶಕದಲ್ಲೂ 78 ಅಚ್ಚಾಗುತ್ತಿತ್ತು, ಹಾಗಾಗಿ ಹಾಡಿನ ಇಸವಿ ನೋಡಿ ತೀರ್ಮಾನ ಮಾಡಬೇಡಿ. ಭಾರ ಇರುತ್ತದೆ, ಉಗುರಲ್ಲಿ ತಟ್ಟಿದರೆ ಹಂಚಿನ ದನಿ ಬರುತ್ತದೆ, ಕೈಜಾರಿದರೆ ಹಂಚಿನ ಹಾಗೇ ಒಡೆಯುತ್ತದೆ. ಸ್ಪಿರಿಟ್ ಇರುವ ಯಾವ ಕ್ಲೀನರೂ ಅದಕ್ಕೆ ತಾಗಬಾರದು. ಅರಗು ಸ್ಪಿರಿಟಿನಲ್ಲಿ ಕರಗುತ್ತದೆ, ಬೇಕಾದರೆ ಮರಕ್ಕೆ ಪಾಲಿಶ್ ಹೊಡೆಯುವ ಆಚಾರಿಯವರನ್ನು ಕೇಳಿ. 78ಕ್ಕೆ ಒಳಗಿನ ಕವರ್ ಕೂಡ ಆಮ್ಲ ಇಲ್ಲದ ಕಾಗದದ್ದೇ ಒಳ್ಳೆಯದು.

ಇನ್ನು ಒಣಗಿಸುವುದು. ನನ್ನ ತಮ್ಮ ಎಡವಿದ್ದು ಇಲ್ಲೂ ಉಂಟು. ಜೂನ್ ಕೊನೆಗೆ, ಹೊರಗೆ ಧೋ ಅಂತ ಮಳೆ, ಬಟ್ಟೆ ಒಣಗಲು ಮೂರು ದಿನ ಬೇಕಾಗುವಾಗ, ಒರೆಸಿ ಅರ್ಧ ಗಂಟೆ ಇಟ್ಟು ಕವರಿಗೆ ತುರುಕಿದ್ದಾನೆ. ಕಣ್ಣಿಗೆ ಒಣಗಿದಂತೆ ಕಂಡರೂ ಗೀಟಿನ ತಳದಲ್ಲಿ ತೇವ ಇರುತ್ತದೆ. ಸ್ಟೀಲಿನ ಪಾತ್ರೆ ಸ್ಟ್ಯಾಂಡಿನಲ್ಲಿ ನಿಲ್ಲಿಸಿ, ಫ್ಯಾನ್ ಹಾಕಿ, ಮಳೆಗಾಲದಲ್ಲಿ ರಾತ್ರಿಯಿಡೀ ಬಿಡಿ. ಎಸಿ ಇರುವ ಕೋಣೆಯಾದರೆ ಇನ್ನೂ ಒಳ್ಳೆಯದು. ಬಿಸಿಲಿಗೆ ಇಡಬೇಡಿ, ರೆಕಾರ್ಡು ದೋಸೆಯ ಹಾಗೆ ಅಂಚು ಎತ್ತುತ್ತದೆ. ನನ್ನನ್ನು ಕೇಳಿದರೆ, ಅವಸರ ಇಲ್ಲದ ರೆಕಾರ್ಡುಗಳ ತೊಳೆತ ಮತ್ತು ಕವರ್ ಬದಲಾವಣೆಯನ್ನು ಡಿಸೆಂಬರ್‌ನಿಂದ ಫೆಬ್ರವರಿ ಒಳಗೆ ಮುಗಿಸಿ. ಪ್ಲಾಸ್ಟಿಕ್ ಕವರ್ ಉಸಿರಾಡುವುದಿಲ್ಲ. ಒಳಗೆ ಒಣಗಾಳಿ ಹೋದರೆ ಒಣಗಾಳಿಯನ್ನೇ ಕಾಯುತ್ತದೆ, ತೇವ ಹೋದರೆ ತೇವವನ್ನೂ ಅಷ್ಟೇ ಶ್ರದ್ಧೆಯಿಂದ ಕಾಯುತ್ತದೆ.

ಯಾವ ಕವರ್ ತರಿಸುವುದು

ನಾನು ಎಲ್‌ಪಿ ಮತ್ತು ಇಪಿಗಳಿಗೆ ಎಚ್‌ಡಿಪಿಇ ಬಿಟ್ಟು ಬೇರೆ ಹಾಕುವುದಿಲ್ಲ. ಇದರಲ್ಲಿ ಎರಡು ಬಗೆ ಸಿಗುತ್ತದೆ. ಒಂದು ಬರೀ ತೆಳು ಹಾಳೆ, ಕೆಳಗೆ ಅರ್ಧಚಂದ್ರದಂತೆ ದುಂಡಗೆ ಇರುವಂಥದ್ದು, ಜಪಾನಿನ ನಾಗಾವೋಕಾದವರ ಮಾದರಿ. ಅಗ್ಗ, ನುಣುಪು, ಆದರೆ ಬಿರುಸಿಲ್ಲದ ಕಾರಣ ಜಾಕೆಟ್ಟಿನೊಳಗೆ ಇಳಿಸುವಾಗ ಮುದುಡಿ ತಾಳ್ಮೆ ಪರೀಕ್ಷೆ ಮಾಡುತ್ತದೆ. ಇನ್ನೊಂದು ಎರಡು ಹಾಳೆಗಳ ನಡುವೆ ಕಾಗದ ಸೇರಿಸಿದ್ದು, ಮೊಬೈಲ್ ಫಿಡೆಲಿಟಿ ಎಂಬ ಕಂಪನಿಯವರದ್ದು ಈ ತರದ್ದು. ನೆಟ್ಟಗೆ ನಿಲ್ಲುತ್ತದೆ, ಬೆಲೆ ಜಾಸ್ತಿ. ಹೊರಗೆ ಕಾಗದ ಒಳಗೆ ಪ್ಲಾಸ್ಟಿಕ್ ಅಸ್ತರಿ ಇರುವ ಕವರ್ ನೋಡಲು ಹಳೇ ಕಾಲದ ಹಾಗೆ ಚೆಂದ, ಆದರೆ ನಮ್ಮ ಮಳೆಗಾಲದಲ್ಲಿ ಹೊರಗಿನ ಕಾಗದ ಹಪ್ಪಳ ಆಗುವುದು ತಪ್ಪುವುದಿಲ್ಲ. ನೂರೂ ರೆಕಾರ್ಡಿಗೆ ದುಬಾರಿ ಕವರ್ ಬೇಕಾಗಿಲ್ಲ. ದಿನಾ ಹಾಕುವ ಹತ್ತಿಪ್ಪತ್ತಕ್ಕೆ ಬಿರುಸಿನದ್ದು, ಉಳಿದವಕ್ಕೆ ತೆಳು ಹಾಳೆ. ನನ್ನ ವ್ಯವಸ್ಥೆ ಅಷ್ಟೇ.

ಮಂಗಳೂರಿನ ಪ್ಲಾಸ್ಟಿಕ್ ಅಂಗಡಿಯಲ್ಲಿ ಪ್ಯಾಕಿಂಗ್ ಕವರ್ ಕೇಳಿದರೆ ಎಚ್‌ಎಂ, ಎಲ್‌ಡಿ, ಪಿಪಿ ಅಂತ ಮೂರು ಹೆಸರು ಹೇಳುತ್ತಾರೆ. ಸರಬರ ಅನ್ನುವ ಎಚ್‌ಎಂ ಅಂದರೆ ಎಚ್‌ಡಿಪಿಇ ಜಾತಿಯದ್ದೇ. ಅಳತೆ ಸಿಕ್ಕಿದರೆ ತಾತ್ಕಾಲಿಕಕ್ಕೆ ಪರವಾಗಿಲ್ಲ. ಆದರೆ ಮರುಬಳಕೆಯ ಬಣ್ಣದ ಪ್ಲಾಸ್ಟಿಕ್ ಬೇಡ, ಕಿರಾಣಿ ಅಂಗಡಿಯ ತೊಟ್ಟೆಯಂತೂ ಬೇಡವೇ ಬೇಡ.

ಹಾಕುವ ಕ್ರಮದಲ್ಲೂ ಒಂದು ವಿಷಯ ಉಂಟು. ಒಳಕವರಿನ ಬಾಯಿ ಮೇಲೆ, ಜಾಕೆಟ್ಟಿನ ಬಾಯಿ ಪಕ್ಕಕ್ಕೆ. ಎರಡು ಬಾಯಿಯೂ ಒಂದೇ ಕಡೆ ಇದ್ದರೆ ಧೂಳಿಗೆ ಹೆದ್ದಾರಿ ಮಾಡಿಕೊಟ್ಟ ಹಾಗೆ, ಜೊತೆಗೆ ಎತ್ತುವಾಗ ರೆಕಾರ್ಡೇ ಜಾರಿ ಕಾಲ ಮೇಲೆ ಬೀಳುತ್ತದೆ. ಜಾಕೆಟ್ಟನ್ನು ಎರಡು ಬದಿ ಒತ್ತಿ ಬಾಯಿ ಉಬ್ಬಿಸಿ, ರೆಕಾರ್ಡನ್ನು ಕವರಿನ ಸಮೇತ ಇಳಿಸಿ. ಕೆಳಮೂಲೆ ಮಡಚಿಕೊಂಡಿದೆಯಾ ಅಂತ ಬೆರಳು ಹಾಕಿ ನೋಡಿ. ಮಡಚಿದ ಮೂಲೆ ರೆಕಾರ್ಡನ್ನು ಒಂದೇ ಕಡೆ ಒತ್ತುತ್ತಾ ಕೂರುತ್ತದೆ.

ಸ್ಟ್ಯಾಟಿಕ್ ವಿಷಯ ಎರಡೇ ಮಾತು. ಎಳೆಯುವಾಗ ಚಟಚಟ ಅಂದು ಕೈಯ ರೋಮ ನಿಂತರೆ ಸ್ಟ್ಯಾಟಿಕ್ ಉಂಟು. ನಮ್ಮಲ್ಲಿ ಅದು ಜನವರಿಯಲ್ಲಿ, ಅಥವಾ ಇಡೀ ದಿನ ಎಸಿ ಓಡುವ ಕೋಣೆಯಲ್ಲಿ ಮಾತ್ರ. ಜುಲೈಯಲ್ಲಿ ಸ್ಟ್ಯಾಟಿಕ್ ತೆಗೆಯುವ ಗನ್ ಕೊಳ್ಳುವವರನ್ನು ಕಂಡರೆ ನನಗೆ ನಗು ಬರುತ್ತದೆ ಮಾರಾಯ್ರೆ.

ಕವರ್ ಬದಲಾಯಿಸಿದರೂ ಬೂಷ್ಟು ಬಂದರೆ

ಆಗ ಕಪಾಟನ್ನೇ ಹಿಡಿಯಿರಿ. ಕೆಲವು ನೂರು ರೂಪಾಯಿಗೆ ಸಿಗುವ ತೇವ ಅಳೆಯುವ ಪುಟ್ಟ ಮೀಟರ್ ಒಂದನ್ನು ರೆಕಾರ್ಡುಗಳ ಪಕ್ಕವೇ ಇಡಿ. ಶೇಕಡಾ 40ರಿಂದ 50 ಇದ್ದರೆ ಸ್ವರ್ಗ. 65-70 ದಾಟಿ ಅಲ್ಲೇ ನಿಂತರೆ ಬೂಷ್ಟಿಗೆ ಆಮಂತ್ರಣ. ನನ್ನ ಮನೆಯಲ್ಲಿ ಜುಲೈಯಲ್ಲಿ ಕಪಾಟು ಮುಚ್ಚಿಟ್ಟಾಗ 86 ತೋರಿಸಿತ್ತು. ಕಾರಣ ಕಪಾಟು ತಾಗಿದ್ದ ಪಶ್ಚಿಮದ ಗೋಡೆ. ಕೆಂಪು ಕಲ್ಲಿನ ಗೋಡೆ, ಗಾಳಿಮಳೆ ನೇರ ಅದಕ್ಕೇ ಬಡಿಯುತ್ತದೆ. ಕಪಾಟನ್ನು ಒಳಗೋಡೆಗೆ ಸರಿಸಿ, ಹಿಂದೆ ನಾಲ್ಕು ಬೆರಳು ಜಾಗ ಬಿಟ್ಟೆ. ಮುಚ್ಚಿದ ಬಾಕ್ಸಿನಲ್ಲಿ ಇಡುವವರು ಸಿಲಿಕಾ ಜೆಲ್ ಹಾಕಿ, ಆದರೆ ಬಣ್ಣ ಬದಲಾದ ಮೇಲೆ ಬಿಸಿ ಮಾಡಿ ಒಣಗಿಸದಿದ್ದರೆ ಅದು ಬರೀ ಕಲ್ಲು.

ಬೀರುವಿನೊಳಗೆ ಬಲ್ಬ್ ಉರಿಸುವ ಅಮ್ಮನ ಕಾಲದ ಉಪಾಯ ಸೀರೆಗೆ ಸರಿ, ರೆಕಾರ್ಡಿಗೆ ಬೇಡ. ಬಲ್ಬಿನ ಹತ್ತಿರದ್ದು ಸೊಟ್ಟಗಾಗುತ್ತದೆ. ನುಸಿಗುಳಿಗೆಯೂ ಬೇಡ, ಅದರ ಆವಿ ಪ್ಲಾಸ್ಟಿಕ್ಕಿಗೆ ಒಳ್ಳೆಯದಲ್ಲ. ಅಟ್ಟಕ್ಕಂತೂ ಹಾಕಲೇಬೇಡಿ. ಏಪ್ರಿಲ್‌ನಲ್ಲಿ ಹಂಚಿನಡಿಯ ಸೆಕೆ, ಜೂನ್‌ನಲ್ಲಿ ಸೋರುವ ನೀರು, ಮಧ್ಯೆ ಒರಲೆ.

ನಿಲ್ಲಿಸಿಡಿ, ಮಲಗಿಸಬೇಡಿ. ಇಪ್ಪತ್ತು ಎಲ್‌ಪಿ ಒಂದರ ಮೇಲೊಂದು ಮಲಗಿಸಿದರೆ ಕೆಳಗಿನದರ ಮೇಲೆ ನಾಲ್ಕೈದು ಕಿಲೋ ಕೂತಂತೆ. ಒಳಗಿನ ಕವರ್ ಎಷ್ಟೇ ಒಳ್ಳೆಯದಿದ್ದರೂ ಅದರ ಸುಕ್ಕು, ಅದರೊಳಗಿನ ಧೂಳು ಎಲ್ಲ ರೆಕಾರ್ಡಿಗೆ ಒತ್ತಿ ಅಚ್ಚಾಗುತ್ತದೆ.

ಹೊಸ ಕವರ್ ಹಾಕಿದ ತಿಂಗಳು ಬರೆದ ಒಂದು ಸಣ್ಣ ಚೀಟಿಯನ್ನು ಜಾಕೆಟ್ಟಿನೊಳಗೆ ಬಿಡುವುದು ನನ್ನ ಅಭ್ಯಾಸ. ಅಕ್ಟೋಬರ್‌ನಲ್ಲಿ ಮಳೆ ಬಿಟ್ಟ ಮೇಲೆ ಹತ್ತಕ್ಕೊಂದರಂತೆ ಹೊರಗೆ ತೆಗೆದು ಟಾರ್ಚ್ ಹಿಡಿದು ನೋಡುತ್ತೇನೆ. ಎಲ್ಲಾದರೂ ಒಂದು ಚುಕ್ಕಿ ಕಂಡರೆ ಆ ಸಾಲು ಇಡೀ ಹೊರಗೆ.

ತಮ್ಮನ ರೆಕಾರ್ಡನ್ನು ಅವತ್ತೇ ತೊಳೆದು ಅವರ ಎಸಿ ಕೋಣೆಯಲ್ಲಿ ರಾತ್ರಿಯಿಡೀ ನಿಲ್ಲಿಸಿ, ನಾನು ಒಯ್ದಿದ್ದ ಎಚ್‌ಡಿಪಿಇ ಕವರಿಗೆ ಬೆಳಿಗ್ಗೆ ಹಾಕಿ ಬಂದೆ. ದೀಪಾವಳಿಗೆ ಹೋದಾಗ ಕೇಳಿದೆವು. ಎರಡನೇ ಹಾಡಿನ ಮಧ್ಯದಲ್ಲಿ ಸಣ್ಣ 'ಸರ್‍ರ್' ಇನ್ನೂ ಉಂಟು, ಅಲ್ಲಿ ಬೂಷ್ಟು ಮೇಲ್ಮೈಯನ್ನೇ ತಿಂದಿದೆ. ಉಳಿದದ್ದೆಲ್ಲ ಚೊಕ್ಕ. ಹಳೇ ಸೂಜಿಯನ್ನು ಅವನು ಬಿಸಾಡಿರಲಿಲ್ಲ. ಅದನ್ನೇ ಮತ್ತೆ ಹಾಕಿ ನೋಡಿದೆವು, ಅದರಲ್ಲೂ ಚೆನ್ನಾಗೇ ಕೇಳಿತು. ಅವನು ಏನೂ ಹೇಳಲಿಲ್ಲ. ನದಿ ಅಚ್ಚೊತ್ತಿದ ನನ್ನ ಜೋಶಿಯವರ ಎಲ್‌ಪಿಯನ್ನು ನಾನು ಈಗಲೂ ಹಾಕುತ್ತೇನೆ, ಎರಡನೇ ಬದಿ ಮಾತ್ರ.